ಕಂಡದ್ದನ್ನು ಬರೆಯದ ಡಾರ್ಲಾ ಮುಮ್ಮು

"ಅಮ್ಮಾ, ನನ್ನ ತುಟಿಯಿಂದ ರಕ್ತ ಬಂದಿದ್ದು ಡಾರ್ಲಾ ಮುಮ್ಮುಗೆ ಮರ್ತೇ ಹೋಯ್ತಾ?"

ಜೂನಿ ಇದನ್ನು ಕೇಳಿದಾಗ ಬ್ರೆನ್ನಾ ಒಲೆಯ ಮುಂದೆ ಓಟ್ಸ್ ಗಂಜಿ ಕಲಕುತ್ತಿದ್ದಳು. ಸೌಟು ಅಲ್ಲೇ ನಿಂತಿತು. ಗಣಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದಿದ್ದ ಗಂಡ ಡೀನ್, ಬೂಟನ್ನೂ ಬಿಚ್ಚದೆ, ವಿಮಾ ಕಂಪನಿಯ ಪತ್ರವನ್ನು ಆಗತಾನೆ ಗಟ್ಟಿಯಾಗಿ ಓದಿ ಮುಗಿಸಿದ್ದ. ಮಗಳ ಮುಖದ ಮಚ್ಚೆಗೆ ಮಾರ್ಚಿನಲ್ಲಿ ಮಾಡಿದ ಲೇಸರ್ ಚಿಕಿತ್ಸೆಯ ಖರ್ಚನ್ನು ಕಂಪನಿ ಕೊಡುವುದಿಲ್ಲ, ಮುಂದೆ ಮಾಡಬೇಕಾದವುಗಳಿಗೂ ಒಪ್ಪಿಗೆಯಿಲ್ಲ. ರಕ್ತ ಬರುತ್ತಿದ್ದ ದಾಖಲೆ ಇಲ್ಲ, ನೋವಿನ ದಾಖಲೆ ಇಲ್ಲ, ತಿನ್ನಲು ಕುಡಿಯಲು ಅಡ್ಡಿಯಾದ ದಾಖಲೆ ಇಲ್ಲ; ಹಾಗಾಗಿ ಇದು ಅಂದಕ್ಕೋಸ್ಕರ ಮಾಡಿಸಿಕೊಂಡದ್ದು ಎಂದು ಪತ್ರ ಹೇಳುತ್ತಿತ್ತು.

"ಅಂದಕ್ಕಂತೆ," ಎಂದ ಡೀನ್. "ಐದು ವರ್ಷದ ಕೂಸಿಗೆ."

ಜೂನಿ ಆ ಮಾತಿನಲ್ಲಿ ತನಗೆ ಬೇಕಾದ ಎಳೆಯನ್ನು ಹಿಡಿದುಕೊಂಡಿದ್ದಳು. ರಕ್ತ ಬಂದ ದಾಖಲೆ ಇಲ್ಲವಂತೆ. ಆದರೆ ಪಕ್ಕದ ಮನೆಯ ಡಾರ್ಲಾ ಮುಮ್ಮು ನೋಡಿದ್ದಾರಲ್ಲ? ಅವರ ಮಡಿಲಲ್ಲೇ ಅಲ್ಲವೇ ತಾನು ಕೂತಿದ್ದದ್ದು? ಆ ಆಸ್ಪತ್ರೆಯ ಬಿಲ್ಲುಗಳನ್ನೆಲ್ಲ ಬರೆಯುವವರೂ ಅವರೇ ಅಲ್ಲವೇ?

ಬ್ರೆನ್ನಾ ಗಂಜಿಯನ್ನು ಬಟ್ಟಲಿಗೆ ಬಗ್ಗಿಸಿದಳು. "ಗಂಜಿ ತಿನ್ನು ಪುಟ್ಟಿ, ಆರ್‍ಹೋಗುತ್ತೆ," ಎಂದಳು. ತುಟಿಗೆ ತಾಗದಂತೆ ಚಿಕ್ಕ ಚಮಚವನ್ನೇ ಹುಡುಕಿ ಕೊಟ್ಟಳು. ಆದರೆ ಮಗಳ ಪ್ರಶ್ನೆ ಅವಳ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತು.

ಜೂನಿಯ ಮಚ್ಚೆ ಹುಟ್ಟಿನಿಂದಲೇ ಬಂದದ್ದು. ಎಡಗೆನ್ನೆಯಿಂದ ಮೇಲ್ದುಟಿಯವರೆಗೆ ಯಾರೋ ದ್ರಾಕ್ಷಿಯ ರಸ ಚೆಲ್ಲಿ ಒರೆಸಲು ಮರೆತಂತೆ ಇತ್ತು. ಚರ್ಮದ ಕೆಳಗಿನ ಕೂದಲೆಳೆಯಂಥ ರಕ್ತನಾಳಗಳು ಅಲ್ಲಿ ಬೇಕಾದ್ದಕ್ಕಿಂತ ಅಗಲವಾಗಿವೆ, ಅಷ್ಟೇ. ಕೈಗೂಸಾಗಿದ್ದಾಗ ಕೆಲವು ಸಲ ಲೇಸರ್ ಬೆಳಕು ಹಾಯಿಸಿದ್ದರಿಂದ ಕೆನ್ನೆಯ ಬಣ್ಣ ಎಷ್ಟೋ ತಿಳಿಯಾಗಿತ್ತು. ಅಷ್ಟಕ್ಕೇ ಬಿಟ್ಟಿದ್ದರು. ಹೋದ ವರ್ಷದಿಂದ ತುಟಿಯ ಭಾಗ ದಪ್ಪವಾಗತೊಡಗಿ, ಅದರ ಮೇಲೆ ಸಾಸಿವೆ ಕಾಳಿನಂಥ ಕೆಂಪು ಗುಳ್ಳೆಗಳು ಎದ್ದವು. ಹಲ್ಲುಜ್ಜುವ ಬ್ರಷ್ಷು ತಾಗಿದರೆ ರಕ್ತ, ಸೇಬು ಕಚ್ಚಿದರೆ ರಕ್ತ. ಬೆಳಿಗ್ಗೆ ದಿಂಬಿನ ಮೇಲೆ ಕಂದು ಕಲೆ. ಬಿಟ್ಟಷ್ಟೂ ದಪ್ಪವಾಗುತ್ತದೆ, ಈಗಲೇ ಸಾಲಾಗಿ ಚಿಕಿತ್ಸೆ ಮಾಡಬೇಕು ಎಂದು ಡಾಕ್ಟರು ಮತ್ತೆ ಶುರುಮಾಡಿದ್ದರು. ಒಂದು ಆಗಿತ್ತು. ಕಂಪನಿ ಒಪ್ಪದಿದ್ದರೆ ಅದೇ ಕೊನೆಯದು; ಗಣಿಯ ಸಂಬಳದಲ್ಲಿ ಉಳಿದವನ್ನು ಕೈಯಿಂದ ಮಾಡಿಸುವ ಮಾತೇ ಇರಲಿಲ್ಲ.

ಡಾರ್ಲಾ ಕಿವೇಲ ಅವರ ಮನೆ ಪಕ್ಕದ್ದೇ. ನಡುವೆ ಬೇಲಿಯೂ ಇಲ್ಲ. ಚಳಿಗಾಲದಲ್ಲಿ ಡೀನ್ ಎರಡೂ ಮನೆಗಳ ಮುಂದಿನ ಹಿಮವನ್ನು ಒಟ್ಟಿಗೆ ಸರಿಸುತ್ತಾನೆ. ಡಾರ್ಲಾ ಶನಿವಾರ ಏಲಕ್ಕಿ ಹಾಕಿ ಜಡೆಯಂತೆ ಹೆಣೆದ ಬ್ರೆಡ್ಡು ಬೇಯಿಸಿದಾಗ ಒಂದು ಯಾವಾಗಲೂ ಇವರ ಮನೆಗೆ. ಅವರ ಗಣಿಯೂರಾದ ಇಶ್ಪೆಮಿಂಗಿನ ಫಿನ್ನಿಶ್ ಮೂಲದವರ ಮನೆಗಳಲ್ಲಿ ಅಜ್ಜಿಯನ್ನು ಮುಮ್ಮು ಎನ್ನುತ್ತಾರೆ. ಡಾರ್ಲಾಗೆ ಸ್ವಂತ ಮೊಮ್ಮಕ್ಕಳಿಲ್ಲ. ಮಗಳು ಗ್ರೀನ್ ಬೇ ಊರಲ್ಲಿ ಬೆಕ್ಕುಗಳನ್ನು ಸಾಕಿಕೊಂಡಿದ್ದಾಳೆ. ಜೂನಿ ಮಾತು ಕಲಿತಾಗ ತಾನಾಗಿಯೇ ಮುಮ್ಮು ಎಂದು ಕರೆದಳು. ಮರುದಿನವೇ ಡಾರ್ಲಾ ಮಗುವಿಗೆ ಉಣ್ಣೆಯ ಕಾಲುಚೀಲ ಹೆಣೆದು ತಂದರು.

ಅವರ ತಂದೆ ಕಬ್ಬಿಣದ ಅದಿರಿನ ಗಣಿಯಲ್ಲಿ ಕೆಲಸ ಮಾಡಿದವರು. ಗಂಡನೂ ಅಲ್ಲೇ ಇದ್ದು ಶ್ವಾಸಕೋಶ ಕೆಟ್ಟು ತೀರಿಕೊಂಡ. ಮಗಳು ಚಿಕ್ಕವಳಿದ್ದಾಗ ಡಾರ್ಲಾ ಸರೋವರದ ದಂಡೆಯ ದೊಡ್ಡ ಊರಿನ ಚರ್ಮದ ಆಸ್ಪತ್ರೆಯಲ್ಲಿ, ಮುಂದಿನ ಮೇಜಿನಲ್ಲಿ ಫೋನು ಎತ್ತುವ ಕೆಲಸಕ್ಕೆ ಸೇರಿದರು. ಅಲ್ಲಿಂದ ಹಿಂದಿನ ಕೋಣೆಗೆ, ಕಾಗದಗಳ ಕಡೆಗೆ. ಮಗಳು ಮಲಗಿದ ಮೇಲೆ ಅಡಿಗೆಮನೆಯ ಮೇಜಿನಲ್ಲೇ ಓದಿ ಆಸ್ಪತ್ರೆ ಬಿಲ್ಲುಗಳ ಕೋಡಿಂಗ್ ಪರೀಕ್ಷೆ ಪಾಸು ಮಾಡಿದರು. ಈಗ ಕೆಲವು ವರ್ಷಗಳಿಂದ ಮನೆಯ ಹಿಂದಿನ ಕೋಣೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು, ಪರದೆ ಎಳೆದು, ಬಾಗಿಲಿಗೆ ಚಿಲಕ ಹಾಕಿಕೊಂಡು ಕೆಲಸ ಮಾಡುತ್ತಾರೆ. ಆ ಕೋಣೆಯೊಳಗೆ ಜೂನಿಗೂ ಪ್ರವೇಶವಿಲ್ಲ.

ಕೆಲಸವೆಂದರೆ, ಡಾಕ್ಟರು ಬರೆದದ್ದನ್ನು ಓದಿ ಅದನ್ನು ಸಂಖ್ಯೆಗಳಾಗಿ ಬದಲಾಯಿಸುವುದು. ಏನು ಮಾಡಿದರು ಎಂಬುದಕ್ಕೆ ಒಂದು ಸಂಖ್ಯೆ, ಯಾಕೆ ಮಾಡಿದರು ಎಂಬುದಕ್ಕೆ ಇನ್ನೊಂದು. ಕೆಂಪು ಮಚ್ಚೆಗೆ ಲೇಸರ್ ಹಾಯಿಸಿದರೆ ಮಚ್ಚೆಯ ವಿಸ್ತಾರ ನೋಡಬೇಕು: ಚಿಕ್ಕದಕ್ಕೆ ಒಂದು ಸಂಖ್ಯೆ, ನಡುವಿನದಕ್ಕೆ ಒಂದು, ದೊಡ್ಡದಕ್ಕೆ ಒಂದು. ಹುಟ್ಟಿನ ಮಚ್ಚೆಯೇ ಬೇರೆ, ವಯಸ್ಸಾದವರ ಮೂಗಿನ ಮೇಲೆ ಜೇಡರಬಲೆಯಂತೆ ಏಳುವ ನರಗಳೇ ಬೇರೆ. ಒಂದು ಚಿಕಿತ್ಸೆಯಾಗಿ ಮೂರು ತಿಂಗಳೊಳಗೆ ಇನ್ನೊಂದಾದರೆ, ಇದು ಮೊದಲೇ ಗೊತ್ತುಮಾಡಿದ್ದ ಮುಂದಿನ ಹಂತ ಎಂದು ತೋರಿಸಲು ಸಂಖ್ಯೆಗೆ ಪುಟ್ಟ ಬಾಲವೊಂದನ್ನು ಹಚ್ಚಬೇಕು. ಬಾಲ ಮರೆತರೆ ಕಂಪನಿಯವರು ಇದೇ ನೆಪ ಸಾಕೆಂದು ಬಿಲ್ಲು ಹಿಂದಕ್ಕೆ ಕಳಿಸುತ್ತಾರೆ. ಪ್ರತಿ ವರ್ಷ ಸಂಖ್ಯೆಗಳ ಹೊಸ ಪುಸ್ತಕ ಬರುತ್ತದೆ, ಇಟ್ಟಿಗೆಯಷ್ಟು ದಪ್ಪ. ಹಳೆಯವನ್ನು ಡಾರ್ಲಾ ಎಸೆಯುವುದಿಲ್ಲ. ಊರಿನವರೆಲ್ಲ ಹಿಮದಲ್ಲಿ ಟ್ರಕ್ಕು ಜಾರದಿರಲೆಂದು ಹಿಂದುಗಡೆ ಮರಳಿನ ಚೀಲ ಹಾಕಿದರೆ, ಅವರು ಹಳೆಯ ಪುಸ್ತಕಗಳನ್ನು ತಾಡಪಾಲಿನಲ್ಲಿ ಸುತ್ತಿ ಹಾಕುತ್ತಾರೆ.

ಗೆಳತಿಯರು ಇದನ್ನೆಲ್ಲ ಸುಮ್ಮನೆ ಬಿಡುವವರಲ್ಲ. ಬಿಂಗೋ ಆಡುವ ಸಂಜೆ ಒಮ್ಮೆ ವಿಲ್ಮಾ ಎಂಬಾಕೆ ತನ್ನ ಕೆಂಪು ಮೂಗನ್ನು ದೀಪಕ್ಕೆ ಹಿಡಿದು ಕೇಳಿದ್ದಳು:

"ಏ ಡಾರ್ಲಾ, ನನ್ನ ಮೂಗಿಗೆ ಯಾವ ನಂಬರು ಹಾಕ್ತೀಯೇ?"

"ನಿನ್ನ ಮೂಗಿಗೆ ಕಂಪನಿ ಒಂದು ಕಾಸೂ ಕೊಡಲ್ಲ ಕಣೇ. ಅದು ಬ್ರಾಂದಿ ಖಾತೆ."

"ನಾನು ಬ್ರಾಂದಿ ಬಿಟ್ಟು ವರ್ಷವಾಯ್ತು!"

"ಮೂಗಿಗೆ ಇನ್ನೂ ಸುದ್ದಿ ಮುಟ್ಟಿಲ್ಲ ಹಾಗಾದ್ರೆ."

ತಮಾಷೆ ಅಷ್ಟೇ. ಕೋಣೆಯ ಚಿಲಕ ಹಾಕಿದ ಮೇಲೆ ಡಾರ್ಲಾ ಬೇರೆಯೇ ಮನುಷ್ಯೆ. ಡಾಕ್ಟರು ಬರೆಯದೆ ಇದ್ದದ್ದನ್ನು ತಾವಾಗಿ ಒಂದಕ್ಷರವೂ ಸೇರಿಸುತ್ತಿರಲಿಲ್ಲ. ಅವರೊಂದಿಗೆ ಕೆಲಸ ಮಾಡುತ್ತಿದ್ದ ಪ್ಯಾಟ್ರಿಸ್ ಎಂಬ ಒಳ್ಳೆಯ ಹೆಂಗಸು ಬಡ ರೋಗಿಗಳ ಮೇಲಿನ ಕನಿಕರಕ್ಕೆ ಡಾಕ್ಟರಿಗೆ, "ಇವರಿಗೆ ರಕ್ತ ಬರುತ್ತಿತ್ತಲ್ಲವೇ? ಹೌದು ಅಂತ ಹಾಕಲೇ?" ಎಂದು ಬರೆದು ಕೇಳುತ್ತಿದ್ದಳು. ಅವಸರದಲ್ಲಿದ್ದ ಡಾಕ್ಟರು ಹೌದು ಎನ್ನುತ್ತಿದ್ದರು. ತಪಾಸಣೆಯವರು ಬಂದಾಗ ಆ ಪ್ರಶ್ನೆಗಳೆಲ್ಲ ಹೊರಗೆ ಬಿದ್ದವು. ಪ್ಯಾಟ್ರಿಸಳ ಕೆಲಸ ಹೋಯಿತು, ಅದಕ್ಕಿಂತ ಹೆಚ್ಚಾಗಿ ನಿಜಕ್ಕೂ ರಕ್ತ ಬರುತ್ತಿದ್ದ ರೋಗಿಗಳ ಬಿಲ್ಲುಗಳನ್ನೂ ಕಂಪನಿಗಳು ಅನುಮಾನದಿಂದ ತಡೆಹಿಡಿದವು. ಬರೆದದ್ದು ಸಾಲದು ಅನಿಸಿದರೆ, "ಇದರ ಬಗ್ಗೆ ಇನ್ನೇನಾದರೂ ಬರೆಯುವುದಿದೆಯೇ?" ಎಂದಷ್ಟೇ ಡಾಕ್ಟರನ್ನು ಕೇಳಬಹುದು. ಉತ್ತರವನ್ನು ಪ್ರಶ್ನೆಯೊಳಗೆ ಇಡುವಂತಿಲ್ಲ.

ಇದೆಲ್ಲ ಬ್ರೆನ್ನಾಳಿಗೆ ಅಷ್ಟಿಷ್ಟು ಗೊತ್ತಿತ್ತು. ಆದರೆ ಪತ್ರ ಬಂದ ಬೆಳಿಗ್ಗೆ ಅವಳ ಕಣ್ಣ ಮುಂದೆ ಇದ್ದದ್ದು ಈಸ್ಟರಿಗೆ ಮುಂಚಿನ ಉಪವಾಸದ ಒಂದು ಶುಕ್ರವಾರ. ಆ ಶುಕ್ರವಾರಗಳಲ್ಲಿ ಕ್ಯಾಥೊಲಿಕ್ ಚರ್ಚಿನ ನೆಲಮಾಳಿಗೆಯಲ್ಲಿ ಕರಿದ ಮೀನಿನ ಊಟ. ಡಾರ್ಲಾ ಲೂಥರನ್ ಪಂಗಡದವರು. ಆದರೂ ಮೀನು ಯಾವ ಪಂಗಡಕ್ಕೂ ಸೇರಿದ್ದಲ್ಲ ಎನ್ನುತ್ತ ಪ್ರತಿ ವಾರ ಬರುತ್ತಿದ್ದರು. ಆ ದಿನ ಮೀನಿನ ಗರಿಗರಿ ಅಂಚು ಜೂನಿಯ ತುಟಿಯ ಗುಳ್ಳೆಗೆ ಚುಚ್ಚಿತು. ರಕ್ತ ಗಲ್ಲದಿಂದ ಇಳಿದು ತಟ್ಟೆಗೆ, ತಟ್ಟೆಯಿಂದ ಮೇಜಿಗೆ. ಬ್ರೆನ್ನಾ ಗಾಬರಿಯಲ್ಲಿ ನೀರಿನ ಲೋಟ ಬೀಳಿಸಿದಳು. ಡಾರ್ಲಾ ಎದ್ದು ಬಂದು ಮಗುವನ್ನು ಮಡಿಲಿಗೆ ಹಾಕಿಕೊಂಡು, ಕರವಸ್ತ್ರ ಮಡಚಿ ತುಟಿಗೆ ಒತ್ತಿ ಹಿಡಿದರು.

"ಮಾತಾಡ್ಬೇಡ ಪುಟ್ಟಿ. ಅಲ್ಲಿ ನೋಡು, ಆ ಅಂಕಲ್ ಎಷ್ಟು ಆಲೂಗಡ್ಡೆ ಬಡಿಸ್ಕೊಂಡಿದಾನೆ. ಎಣಿಸು. ಮನಸ್ಸಲ್ಲೇ ಎಣಿಸು."

ತುಂಬ ಹೊತ್ತು ಒತ್ತಿ ಹಿಡಿದ ಮೇಲೆ ರಕ್ತ ನಿಂತಿತು. ಡಾರ್ಲಾರ ತಿಳಿನೀಲಿ ಸ್ವೆಟರಿನ ತೋಳು ಕೆಟ್ಟುಹೋಗಿತ್ತು. ಸುತ್ತಲಿನವರು ಬಂದು ಏನಾಯ್ತು, ಮಗು ಹೇಗಿದೆ ಎಂದು ವಿಚಾರಿಸಿದರು. ಬ್ರೆನ್ನಾ ಎಲ್ಲರಿಗೂ ನಗುತ್ತ, "ಏನಿಲ್ಲ, ಏನಿಲ್ಲ, ಆರಾಮಾಗಿದಾಳೆ. ನೀವು ಊಟ ಮಾಡಿ," ಎಂದಳು.

ಮರುವಾರವೇ ಲೇಸರ್ ಚಿಕಿತ್ಸೆ. ಅದರ ಬಿಲ್ಲು ಬರೆಯುವಾಗ ಆ ಸ್ವೆಟರು ಒಗೆದು ಹಗ್ಗದ ಮೇಲೆ ಒಣಗುತ್ತಿದ್ದಿರಬೇಕು. ಅಷ್ಟಾದರೂ ದಾಖಲೆ ಇಲ್ಲವೇ?

ಡೀನ್ ಮಲಗಿದ ಮೇಲೆ ಬ್ರೆನ್ನಾ ಜೂನಿಯನ್ನು ಕಾರ್ಟೂನಿನ ಮುಂದೆ ಕೂರಿಸಿ, ಪತ್ರ ಹಿಡಿದು ಪಕ್ಕದ ಮನೆಯ ಬಾಗಿಲು ಬಡಿದಳು. ಏಪ್ರಿಲಿನ ಕೊಳೆ ಹಿಮ ಮೆಟ್ಟಿಲ ಬದಿಯಲ್ಲಿ ಇನ್ನೂ ಇತ್ತು.

"ಓ, ಬ್ರೆನ್ನಾ! ಹೇಗಿದೀರಿ ಎಲ್ಲ?" ಎಂದರು ಡಾರ್ಲಾ.

"ಚೆನ್ನಾಗಿದೀವಿ. ನೀವು?"

"ನಡೀತಾ ಇದೆ. ದೂರೋ ಅಂಥದ್ದೇನಿಲ್ಲ. ಬಾ, ಕಾಫಿ ಇದೆ."

"ಕಾಫಿ ಬೇಡ." ಬ್ರೆನ್ನಾ ಪತ್ರವನ್ನು ಅಡಿಗೆಮನೆಯ ಮೇಜಿನ ಮೇಲೆ ಇಟ್ಟಳು. "ಇದನ್ನ ಓದಿ."

ಡಾರ್ಲಾ ಓದಲಿಲ್ಲ. ಮೇಲಿನ ಸಾಲಿನಲ್ಲಿ ಏನಿದೆ ಎಂದು ಕಂಡ ಕೂಡಲೇ ಬೆರಳ ತುದಿಯಿಂದ ಅದನ್ನು ಬ್ರೆನ್ನಾಳ ಕಡೆಗೆ ತಳ್ಳಿದರು. "ಇದರ ಬಗ್ಗೆ ನಾನು ಮಾತಾಡೋ ಹಾಗಿಲ್ಲ ಮಗಳೇ. ಆ ಕೋಣೆಗೆ ಯಾರ ಕಾಗದ ಬಂತು, ಯಾರದ್ದು ಬರಲಿಲ್ಲ, ಅದನ್ನೂ ಹೇಳೋ ಹಾಗಿಲ್ಲ."

"ನನ್ನ ಮಗಳ ಕಾಗದ ಡಾರ್ಲಾ! ನಿಮ್ಮ ತೋಳ ಮೇಲೆ ಅವಳ ರಕ್ತ ಸುರೀತಲ್ಲ, ಅದು ನಿಮಗೆ ಕಾಣಿಸಲಿಲ್ವಾ?"

"ಕಾಣಿಸ್ತು."

"ಮತ್ತೆ?"

"ನಾನು ಕಂಡಿದ್ದು ಚರ್ಚಿನಲ್ಲಿ. ಚರ್ಚಿನಲ್ಲಿ ಕಂಡಿದ್ದನ್ನ ಬಿಲ್ಲಲ್ಲಿ ಬರೆಯೋಕೆ ನಾನು ಯಾರು? ನಾನು ಡಾಕ್ಟರಾ?"

"ಅಂದ್ರೆ ಕಣ್ಣಾರೆ ಕಂಡಿದ್ದೂ ಸುಳ್ಳೇ ನಿಮ್ಮ ಲೆಕ್ಕದಲ್ಲಿ."

"ಸುಳ್ಳಲ್ಲ. ನನ್ನ ಲೆಕ್ಕದಲ್ಲಿ ಅದು ಇಲ್ಲ, ಅಷ್ಟೇ. ಇವತ್ತು ನಿನ್ನ ಮಗಳಿಗೆ ಅಂತ ಸೇರಿಸಿದ್ರೆ ನಾಳೆ ವಿಲ್ಮಾ ಮೂಗಿಗೂ ಸೇರಿಸ್ತೀನಿ. ಆಮೇಲೆ ನಾನು ಬರೆದಿದ್ದನ್ನ ಯಾರೂ ನಂಬಲ್ಲ, ನಿನ್ನ ಮಗಳದ್ದನ್ನೂ ನಂಬಲ್ಲ."

"ವಿಲ್ಮಾ ಮೂಗೂ ನನ್ನ ಮಗಳ ತುಟೀನೂ ಒಂದೇನಾ?"

ಡಾರ್ಲಾ ತಪ್ಪು ಹೋಲಿಕೆ ಕೊಟ್ಟೆನೆಂದು ಕಣ್ಣು ಮುಚ್ಚಿದರು. ಆಮೇಲೆ ಮೆಲ್ಲಗೆ ಹೇಳಿದರು: "ಇವತ್ತೇ ನನ್ನ ಮೇಲಿನವಳಿಗೆ ಫೋನು ಮಾಡ್ತೀನಿ. ಇಂಥ ಮನೆಯವರು ನನಗೆ ತುಂಬ ಬೇಕಾದವರು, ಅವರ ಕಾಗದ ಬಂದ್ರೆ ಬೇರೆಯವರಿಗೆ ಕೊಟ್ಟುಬಿಡಿ ಅಂತ. ಅದನ್ನ ಮೊದಲೇ ಮಾಡ್ಬೇಕಿತ್ತು."

"ಕೈ ತೊಳ್ಕೊಂಡ್ರಿ ಅನ್ನಿ."

"ಹಾಗೇ ಅಂದ್ಕೋ." ಬ್ರೆನ್ನಾ ಬಾಗಿಲಿಗೆ ಬಂದಾಗ ಡಾರ್ಲಾ ಹಿಂದಿನಿಂದ ಕರೆದರು. "ನೋಡು, ಪಕ್ಕದ ಮನೆಯವಳಾಗಿ ಒಂದು ಮಾತು. ಬಾಗಿಲು ತೆಗೆದಾಗ ಹೇಗಿದೀರಿ ಅಂತ ಕೇಳಿದೆ ನಿನ್ನ. ಏನಂದೆ ನೀನು?"

"ಏನಂದೆ? ನೆನಪಿಲ್ಲ ನನಗೆ."

"ಮುಂದಿನ ಸಲ ಡಾಕ್ಟರು ಕೇಳಿದಾಗ ಆ ಉತ್ತರ ಕೊಡ್ಬೇಡ."

ಮನುಷ್ಯರು ಸಿಟ್ಟಿನಲ್ಲಿದ್ದಾಗ ಎಂಥ ಒಳ್ಳೆಯ ಮಾತೂ ಚುಚ್ಚುಮಾತಿನಂತೆಯೇ ಕೇಳಿಸುತ್ತದೆ. ಬ್ರೆನ್ನಾ ಮೆಟ್ಟಿಲಿಳಿದು ಬಂದಳು. ಆ ಶನಿವಾರ ಏಲಕ್ಕಿ ಬ್ರೆಡ್ಡು ಮೆಟ್ಟಿಲ ಮೇಲೆ ಬಟ್ಟೆ ಮುಚ್ಚಿಕೊಂಡು ಕೂತಿತ್ತು. ಅವಳು ಅದನ್ನು ಒಳಗೆ ತಂದಳು, ಮಗುವಿಗೆ ಮಿದುವಾದ ಭಾಗ ಮುರಿದು ಕೊಟ್ಟಳು, ಆದರೆ ಬಟ್ಟೆಯನ್ನು ವಾಪಸು ಕೊಡಲು ತಾನು ಹೋಗದೆ ಡೀನನ ಕೈಯಲ್ಲಿ ಕಳಿಸಿದಳು. ಕಸದ ಡಬ್ಬಿ ಇಡುವಾಗ ಡಾರ್ಲಾ ಹೊರಗಿದ್ದರೆ ಒಳಗೇ ನಿಂತು ಕಾದಳು.

"ಹೋಗ್ಲಿ ಬಿಡೇ, ಆಯಮ್ಮನ ಕೆಲಸ ಹೋದ್ರೆ ನಾವು ಕೊಡ್ತೀವಾ?" ಎಂದ ಡೀನ್.

"ಕೆಲಸ ಕಳ್ಕೊಳ್ಳಿ ಅಂದ್ನಾ ನಾನು? ಒಂದು ಸಾಲು ಬರೀಬಾರದಿತ್ತಾ?"

"ನಂಗೊತ್ತಿಲ್ಲಪ್ಪ. ನಮ್ಮಲ್ಲೂ ಕಾಣದ ಅದಿರನ್ನ ಚೀಟಿಗೆ ಹಾಕಲ್ಲ."

"ಅವರಿಗೆ ಕಂಡಿತ್ತು!"

ಡೀನ್ ಮಗುವಿನ ಸೇಬನ್ನು ತೆಳ್ಳಗೆ ಹೆಚ್ಚತೊಡಗಿದ.

ಮೇ ತಿಂಗಳಲ್ಲಿ ಡಾಕ್ಟರ ಭೇಟಿ ಇತ್ತು. ಕಂಪನಿಗೆ ಮರುವಿಚಾರಣೆಯ ಅರ್ಜಿ ಹಾಕಲು ಡಾಕ್ಟರು ಇನ್ನೊಮ್ಮೆ ನೋಡಿ ಬರೆದುಕೊಡಬೇಕೆಂದು ಆಸ್ಪತ್ರೆಯವರು ಹೇಳಿದ್ದರು. ಇದೊಂದೇ ಅವಕಾಶ ಉಳಿದಿತ್ತು. ದಾರಿಯುದ್ದಕ್ಕೂ ಬ್ರೆನ್ನಾ ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಕಟ್ಟುತ್ತ, ಕೆಡವುತ್ತ ಕಾರು ಓಡಿಸಿದಳು. ಡಾಕ್ಟರ್ ಸೆಲ್ಬಿ ಕೈ ಉಜ್ಜಿಕೊಳ್ಳುತ್ತ ಒಳಗೆ ಬಂದರು. ಉದ್ದನೆಯ ಮನುಷ್ಯ, ಜೂನಿಯ ಬೂಟನ್ನು ಹೊಗಳದೆ ಮಾತು ಶುರುಮಾಡುವವರಲ್ಲ.

"ಓಹೋ, ಕಪ್ಪೆ ಬೂಟು! ಹೊಸದಾ? ಎಲ್ಲಿ ಸಿಕ್ತು ನಂಗೂ ಹೇಳು." ಸ್ಟೂಲು ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತರು. "ಹೇಗಿದಾಳೆ ನಮ್ಮ ಹುಡುಗಿ?"

"ಚೆನ್ನಾಗಿ—"

ಬ್ರೆನ್ನಾಳ ಬಾಯಿಂದ ಮಾತು ಪೂರ್ತಿ ಹೊರಬೀಳುವ ಮೊದಲೇ ಅವರ ಬೆರಳುಗಳು ಕೀಲಿಗಳ ಮೇಲೆ ಓಡತೊಡಗಿದ್ದವು. ಟಕಟಕ ಸದ್ದು. ಅವಳಿಗೆ ಅದು ಹೊಸದಲ್ಲ. ಪ್ರತಿ ಸಲವೂ ಹೀಗೇ ಆಗಿತ್ತು. ಅವರು ಕೇಳುತ್ತಿದ್ದರು, ಅವಳು ಚೆನ್ನಾಗಿದ್ದಾಳೆ ಎನ್ನುತ್ತಿದ್ದಳು, ಟಕಟಕ. ಡಾರ್ಲಾರ ಬಾಗಿಲಲ್ಲಿ, ಕೈಯಲ್ಲಿ ಪತ್ರ ಮುದ್ದೆಮಾಡಿ ಹಿಡಿದುಕೊಂಡು ಅಂದದ್ದೂ ಅದನ್ನೇ. ಚರ್ಚಿನ ನೆಲಮಾಳಿಗೆಯಲ್ಲಿ ಮಗುವಿನ ಗಲ್ಲ ಒರೆಸುತ್ತ ಊರಿಗೆಲ್ಲ ಹೇಳಿದ್ದೂ ಅದನ್ನೇ.

"ಡಾಕ್ಟರ್, ತಡೀರಿ. ಅದನ್ನ ಬರೀಬೇಡಿ."

ಟಕಟಕ ನಿಂತಿತು.

"ಅವಳು ಚೆನ್ನಾಗಿಲ್ಲ," ಎಂದಳು ಬ್ರೆನ್ನಾ. ಅಷ್ಟು ಹೇಳುವುದರಲ್ಲಿ ಮುಖವೆಲ್ಲ ಬಿಸಿಯಾಯಿತು. ಅವಳು ಹುಟ್ಟಿದ ಮನೆಯಲ್ಲಿ ಯಾರೂ ಹೀಗೆ ಮಾತಾಡಿದವರಲ್ಲ. ಅವಳ ತಾತ ಗಣಿಯಲ್ಲಿ ಎರಡು ಬೆರಳು ಕಳೆದುಕೊಂಡು ಬಂದಾಗ, ಹೇಗಿದ್ದೀಯ ಎಂದವರಿಗೆ "ಇನ್ನೂ ಎಂಟಿವೆ" ಎಂದು ಹೇಳಿ ಊಟಕ್ಕೆ ಕೂತಿದ್ದರಂತೆ. ಆ ಕಥೆಯನ್ನು ಮನೆಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದರು. ಕಷ್ಟ ಹೇಳಿಕೊಳ್ಳುವುದೆಂದರೆ ಎದುರಿನವರ ಹೊತ್ತನ್ನು ಕದ್ದಂತೆ ಎಂಬುದು ಅವಳ ರಕ್ತದಲ್ಲೇ ಇತ್ತು. ಆದರೂ ಹೇಳಿದಳು. ದಿಂಬಿನ ಕಲೆ, ಬ್ರಷ್ಷು ಕಂಡರೆ ಮಗು ಮಂಚದ ಕೆಳಗೆ ಅಡಗುವುದು, ಸ್ಟ್ರಾ ಇಲ್ಲದೆ ಹಾಲು ಕುಡಿಯಲಾರದ್ದು, ಗಟ್ಟಿಯಾದದ್ದೇನು ಕೊಟ್ಟರೂ ಬೇಡ ಎನ್ನುವುದು, ಮೀನಿನ ಊಟದ ದಿನ ತುಂಬ ಹೊತ್ತು ರಕ್ತ ನಿಲ್ಲದೆ ಹೋದದ್ದು. ಹೇಳುತ್ತ ಹೇಳುತ್ತ, ಇಷ್ಟೆಲ್ಲ ಇತ್ತೇ ಎಂದು ಅವಳಿಗೇ ಆಶ್ಚರ್ಯವಾಯಿತು.

ಡಾಕ್ಟರ್ ಸೆಲ್ಬಿ ತಿರುಗಿ ಕೂತರು. "ಇದನ್ನೆಲ್ಲ ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಹೇಗಿದಾಳೆ ಅಂದ್ರಿ..."

"ನೀವು ಚೆನ್ನಾಗಿದಾಳೆ ಅಂದ್ರಿ." ಅವರು ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತು ಉಜ್ಜಿಕೊಂಡರು. "ನಾನೂ ಇದೇ ಸೀಮೆಯವನೇ. ನಮ್ಮಮ್ಮ ಸೊಂಟದ ಮೂಳೆ ಮುರ್ಕೊಂಡು ಮೂರು ದಿನ ದನಗಳಿಗೆ ಹುಲ್ಲು ಹಾಕಿದ್ದಳು. ನಾನಾದ್ರೂ ಇನ್ನೊಂದು ಸಲ ಕೇಳ್ಬೇಕಿತ್ತು."

"ದನಕ್ಕೆ ಗೊತ್ತಿತ್ತಾ?" ಎಂದಳು ಜೂನಿ.

"ಏನು ಗೊತ್ತಿತ್ತಾ?"

"ಮೂಳೆ ಮುರಿದಿದ್ದು."

"ದನಕ್ಕೇ ಮೊದಲು ಗೊತ್ತಾಗಿದ್ದು ಅನ್ಸುತ್ತೆ," ಎಂದರು ಡಾಕ್ಟರು, ನಗದೆ.

ಆಮೇಲೆ ಅವರು ಜೂನಿಯ ತುಟಿಯನ್ನು ದೀಪ ಹಿಡಿದು ಬಹಳ ಹೊತ್ತು ನೋಡಿದರು. ಹಿಂದಿನ ದಿನದ ಒಣಗಿದ ರಕ್ತದ ಹಕ್ಕಳೆಯೊಂದು ಗುಳ್ಳೆಯ ಮೇಲೇ ಇತ್ತು. ಚೌಕುಳಿ ಗೆರೆ ಹಾಕಿದ ಪಾರದರ್ಶಕ ಹಾಳೆಯನ್ನು ಕೆನ್ನೆಯ ಮೇಲಿಟ್ಟು ಮಚ್ಚೆಯ ಅಂಚನ್ನು ಪೆನ್ನಿನಿಂದ ಗೀಚಿದರು. ಜೂನಿ ಕಚಗುಳಿಯಾಗಿ ಕಿಸಕ್ಕೆಂದಳು. ಫೋಟೋ ತೆಗೆದರು. ತಾವು ಕಂಡದ್ದನ್ನೂ ತಾಯಿ ಹೇಳಿದ್ದನ್ನೂ ಬೇರೆ ಬೇರೆಯಾಗಿ ಬರೆದರು. ಮಗುವಿಗೆ ಬಾಯಿ ತೆರೆಯಲು ಹೇಳಿ, ತುಟಿ ಎಷ್ಟು ಮೇಲೇಳುತ್ತದೆ ಎಂದು ನೋಡಿ ಅದನ್ನೂ ಬರೆದರು. ಈ ಸಲ ಟಕಟಕ ಸದ್ದು ಬಹಳ ಹೊತ್ತು ನಡೆಯಿತು, ಬ್ರೆನ್ನಾ ಅದನ್ನು ಕೇಳುತ್ತ ಮಗಳ ಕೋಟಿನ ಗುಂಡಿ ಹಾಕಿದಳು, ಬಿಚ್ಚಿದಳು, ಮತ್ತೆ ಹಾಕಿದಳು.

ಕಂಪನಿಯ ಡಾಕ್ಟರೊಂದಿಗೆ ಸೆಲ್ಬಿಯವರೇ ಫೋನಿನಲ್ಲಿ ಮಾತಾಡಿದರು. ಒಮ್ಮೆಗೇ ಸಿಗಲಿಲ್ಲ, ಕಾಯಿಸಿದರು, ಮತ್ತೆ ಮಾಡಿದರು. ಜೂನ್ ಶುರುವಾಗುವ ಹೊತ್ತಿಗೆ ಒಪ್ಪಿಗೆ ಬಂತು: ಮಾರ್ಚಿನ ಚಿಕಿತ್ಸೆಗೂ ಸೇರಿ. ಉಳಿದವನ್ನು ಬೇಸಿಗೆಯಲ್ಲೇ ಸಾಲಾಗಿ ಮಾಡುವುದೆಂದು ದಿನ ಗೊತ್ತಾಯಿತು. ಬಿಲ್ಲುಗಳನ್ನು ಈಗ ಬೇರೆ ಯಾರೋ ಬರೆಯುತ್ತಾರೆ, ಯಾವ ಊರಿನಲ್ಲೋ.

ಡೀನ್ ಪತ್ರವನ್ನು ಎರಡು ಸಲ ಓದಿ, "ಪರವಾಗಿಲ್ಲ," ಎಂದ. ಅವರ ಮನೆಯಲ್ಲಿ ಅದಕ್ಕಿಂತ ದೊಡ್ಡ ಸಂತೋಷದ ಮಾತಿಲ್ಲ. ಆದರೆ ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಹೊರಗೆ ಬರಲಿಲ್ಲ.

ಅದೇ ಸಂಜೆ ಬ್ರೆನ್ನಾ ಹಿತ್ತಲಿನ ಹುಳಿ ರೂಬಾರ್ಬ್ ದಂಟು ಕಿತ್ತು ಪೈ ಬೇಯಿಸಿದಳು. ಸಕ್ಕರೆ ಸ್ವಲ್ಪ ಕಡಿಮೆಯಾಯಿತು, ಡಾರ್ಲಾಗೆ ಹುಳಿಯೇ ಇಷ್ಟ. ಬಿಸಿ ತಟ್ಟೆಯನ್ನು ಬಟ್ಟೆಯಲ್ಲಿ ಹಿಡಿದುಕೊಂಡು ಹುಲ್ಲು ದಾಟಿ ಹೋದಳು. ಡಾರ್ಲಾ ಕೆಲಸ ಮುಗಿಸಿ ಹಿಂಬದಿಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದರು. ಅವಳನ್ನು ಕಂಡು ಬದಿಗೆ ಸರಿದು ಜಾಗ ಬಿಟ್ಟರು.

"ನಿಮ್ಮ ಮೇಲೆ ತುಂಬ ಸಿಟ್ಟು ಬಂದಿತ್ತು ನನಗೆ," ಎಂದಳು ಬ್ರೆನ್ನಾ.

"ಗೊತ್ತು. ಕಸದ ಡಬ್ಬೀನ ಕತ್ತಲಾದ ಮೇಲೆ ಇಡ್ತಿದ್ದೆ ನೀನು. ಕರಡಿ ಬಂದು ಕೆಡವಿದ್ರೆ ಎತ್ತೋಳು ನಾನು."

"ಎತ್ತಿದ್ರಾ?"

"ಒಂದು ಸಲ."

ಇಬ್ಬರೂ ಸ್ವಲ್ಪ ನಕ್ಕರು. ಡಾರ್ಲಾ ಚಾಕು ತಂದು ಪೈ ಕುಯ್ದರು. ಒಂದು ತುಂಡು ತಿಂದು, ಹುಳಿಗೆ ಒಂದು ಕಣ್ಣು ಮುಚ್ಚಿ, "ಇದು ಸರಿ," ಎಂದರು. ಆಮೇಲೆ ಅವಳ ಕಡೆ ನೋಡದೆ, ಹಿತ್ತಲಿನ ಸೌನಾ ಎಂಬ ಆವಿಸ್ನಾನದ ಕೋಣೆಯ ಕಡೆ ನೋಡುತ್ತ ಕೇಳಿದರು: "ಹೇಗಿದಾಳೆ ಪುಟ್ಟಿ?"

ಬ್ರೆನ್ನಾ ಚೆನ್ನಾಗಿದ್ದಾಳೆ ಎನ್ನಲಿಲ್ಲ. ನಿನ್ನೆ ರಾತ್ರಿ ದಿಂಬಿನ ಮೇಲೆ ರಕ್ತ ಇರಲಿಲ್ಲ, ಮೊನ್ನೆ ಇತ್ತು ಎಂದಳು. ಲೇಸರ್ ಆದ ಮೇಲೆ ಕೆನ್ನೆ ನೀಲಿಯಾಗುತ್ತದಲ್ಲ, ಅದಕ್ಕೆ ಈಗಲೇ ಹೆದರಿದ್ದಾಳೆ ಎಂದಳು. ತಾನೂ ಹೆದರಿದ್ದೇನೆ, ಮಗುವಿಗೆ ಅರಿವಳಿಕೆ ಕೊಡುವಾಗ ಹೊರಗೆ ಕೂತಿರುವ ಹೊತ್ತು ತನಗೆ ಆಗುವುದೇ ಇಲ್ಲ ಎಂದಳು. ಶಾಲೆಗೆ ಸೇರಿದ ಮೇಲೆ ಮಕ್ಕಳು ಏನನ್ನುತ್ತಾರೋ ಎಂದಳು. ಡಾರ್ಲಾ ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿದರು. ಕೇಳಿದ ಮೇಲೂ ಎಲ್ಲ ಸರಿಹೋಗುತ್ತೆ ಬಿಡು ಎನ್ನಲಿಲ್ಲ. ಇನ್ನೊಂದು ತುಂಡು ಕುಯ್ದು ಅವಳ ಕೈಗೆ ಕೊಟ್ಟರು.

ಇಬ್ಬರೂ ಪೈ ತಿಂದರು. ಆಚೆ ಬ್ರೆನ್ನಾಳ ಮನೆಯೊಳಗಿನಿಂದ ಜೂನಿ ಡೀನನಿಗೆ ಏನೋ ಹಾಡು ಕಲಿಸುತ್ತಿದ್ದದ್ದು ಕಿಟಕಿಯಿಂದ ಕೇಳಿಸುತ್ತಿತ್ತು.

"ಒಂದು ಕೆಲಸ ಆಗ್ಬೇಕಿತ್ತು ನಿನ್ನಿಂದ," ಎಂದರು ಡಾರ್ಲಾ ಕೊನೆಗೆ.

"ಹೇಳಿ."

"ಗುರುವಾರ ನಂಗೂ ಡಾಕ್ಟರ ಹತ್ರ ಹೋಗೋದಿದೆ. ವರ್ಷಕ್ಕೊಂದು ಸಲ ಹೋಗ್ತೀನಲ್ಲ, ಅದು." ಅವರು ಬೆರಳಿಗಂಟಿದ ಸಕ್ಕರೆಯನ್ನು ಬಟ್ಟೆಗೆ ಒರೆಸಿದರು. "ಸೌನಾಕ್ಕೆ ಸೌದೆ ಹೊತ್ತರೆ ಎದೆ ಹಿಡ್ಕೊಂಡಂಗಾಗುತ್ತೆ. ಅರ್ಧದಾರೀಲಿ ನಿಲ್ಲಬೇಕು. ಚಳಿಗಾಲದಿಂದ ಹೀಗೇ ಇದೆ."

"ಮಗಳಿಗೆ ಹೇಳಿದ್ರಾ?"

"ಅವಳು ಫೋನು ಮಾಡಿ ಹೇಗಿದೀಯಮ್ಮ ಅಂತಾಳೆ." ಬ್ರೆನ್ನಾ ಬಟ್ಟೆಯ ತುದಿಯನ್ನು ಮಡಚುತ್ತ ಕಾದಳು.

"ನನ್ನ ಜೊತೆ ಬಾ," ಎಂದರು ಡಾರ್ಲಾ. "ಒಳಗಡೇನೇ ಬಂದು ಕೂತ್ಕೋ. ಅವರು ಹೇಗಿದೀರಿ ಅಂತ ಕೇಳ್ತಾರೆ, ನಾನು ಚೆನ್ನಾಗಿದೀನಿ ಅಂತೀನಿ. ಆಗ ಸುಳ್ಳು ಅಂತ ಹೇಳು. ಸ್ವಲ್ಪ ಜೋರಾಗೇ ಹೇಳು, ಆ ಡಾಕ್ಟರಿಗೆ ಕಿವಿ ಮಂದ."